ಸ್ಯಮಂತಕದ ಕೇಸು ಕಂಪ್ಯೂಟರಿನ ಕೈಗೆ ಸಿಕ್ಕಿದರೆ

ನಮ್ಮ ಕಾಸರಗೋಡಿನ ಕಡೆ 'ಆಟ' ಎಂದರೆ ಯಕ್ಷಗಾನ. 'ನಿನ್ನೆ ಆಟಕ್ಕೆ ಹೋಗಿದ್ದೆ' ಎಂದರೆ ರಾತ್ರಿ ನಿದ್ದೆ ಆಗಿಲ್ಲ ಎಂದು ಎದುರಿನವರಿಗೆ ಗೊತ್ತಾಗುತ್ತದೆ. ಮತ್ತೆ ಕೇಳುವುದಿದ್ದರೆ ಯಾವ ಮೇಳ, ಯಾವ ಪ್ರಸಂಗ ಅಂತ, ಅಷ್ಟೇ. ಹಾಗಾಗಿ ಬದಿಯಡ್ಕದ ಹತ್ತಿರ ಮಾವನ ಮನೆಯ ಚಾವಡಿಯಲ್ಲಿ ನಾನು ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಾಗ ಆದದ್ದು ಇಷ್ಟು. "ಎಂತ ಅದು ಮಾಣಿ?" ಎಂದು ಮಾವ ಕೇಳಿದರು. "ಒಂದು ಹೊಸ ಆಟ" ಎಂದೆ. "ಯಾವ ಮೇಳದ್ದು?"

ಆಟಿ ತಿಂಗಳು. ಹೊರಗೆ ಮಳೆ ಬಿಟ್ಟಿರಲಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಒಂದು ದಿನದ ಬಿಸಿಲಿಗಾಗಿ ಮಾವ ಕಾಯುತ್ತಿದ್ದರು, ಅಂದರೆ ಅವರಿಗೂ ಪುರುಸೊತ್ತಿತ್ತು. ಅವರು ಹವ್ಯಾಸಿ ಅರ್ಥಧಾರಿ. ಊರಿನ ತಾಳಮದ್ದಳೆಯಲ್ಲಿ ಕೂತರೆ ಎದುರಿನವನನ್ನು ಪ್ರಶ್ನೆ ಹಾಕಿ ಹಾಕಿಯೇ ಸುಸ್ತು ಮಾಡುವ ಪೈಕಿ. ನಾನು ಆಡುತ್ತಿದ್ದದ್ದು ಗೇಮ್‌ಡೆಕ್ ಎಂಬ ಕಂಪ್ಯೂಟರ್ ಆಟ. ಅದನ್ನು ಸಾಮಾನ್ಯವಾಗಿ ಪರಿಚಯಿಸುವುದು ಹೀಗೆ: ಸೈಬರ್‌ಪಂಕ್ ಪತ್ತೇದಾರಿ ರೋಲ್‌ಪ್ಲೇಯಿಂಗ್ ಗೇಮ್. ನಾಲ್ಕು ಪದದಲ್ಲಿ ಮೂರು ಮಾವನಿಗೆ ಅರ್ಥವಾಗಲಿಲ್ಲ. ಆ ಸಂಜೆ ನಾನು ಅವರಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕ್ರಮದಲ್ಲಿ ಬರೆಯುತ್ತಿದ್ದೇನೆ. ಮಧ್ಯೆ ಅವರು ಹಾಕಿದ ಅಡ್ಡಪ್ರಶ್ನೆಗಳು ನನ್ನ ವಿವರಣೆಗಿಂತ ಚೆನ್ನಾಗಿದ್ದವು, ಅವನ್ನೂ ಬಿಡುವುದಿಲ್ಲ.

ಸೈಬರ್‌ಪಂಕ್ ಬೇಗ ಮುಗಿಯುತ್ತದೆ. 1983ರಲ್ಲಿ ಬ್ರೂಸ್ ಬೆತ್ಕೆ ಎಂಬ ಅಮೆರಿಕದ ಲೇಖಕರ ಸಣ್ಣಕತೆಯೊಂದು ಅಚ್ಚಾಯಿತು. ಈ ಪದ ಆ ಕತೆಯ ತಲೆಬರಹ. ಆಮೇಲೆ ಒಂದು ಬಗೆಯ ಕತೆಗಳಿಗೆಲ್ಲ ಅದೇ ಹೆಸರು ನಿಂತಿತು. ಎಂಥ ಕತೆ? ತಲೆಯೊಳಗೆ ಚಿಪ್ ಕೂರಿಸಲು ಬರುತ್ತದೆ, ಮನೆ ಬಾಡಿಗೆ ಕಟ್ಟಲು ಬರುವುದಿಲ್ಲ, ಅಂಥ ಊರಿನ ಕತೆ. ಯಂತ್ರ ಮುಂದೆ ಹೋಗಿದೆ, ಮನುಷ್ಯ ಅಲ್ಲೇ ಇದ್ದಾನೆ. ಸರ್ಕಾರಕ್ಕಿಂತ ಕಂಪನಿಗಳು ದೊಡ್ಡವು. ರಾತ್ರಿ, ಬಣ್ಣದ ದೀಪ, ಬಿಡದ ಮಳೆ. ಮಳೆಯೊಂದು ನಮ್ಮಲ್ಲೂ ಇದೆ. ಮೈಕ್ ಪಾಂಡ್‌ಸ್ಮಿತ್ ಎಂಬವರು 1988ರಲ್ಲಿ ಇದೇ ಹೆಸರಿನ ಒಂದು ಮೇಜಿನಾಟ ತಂದರು. ಅದರ ಮೊಮ್ಮಗನೇ 2020ರ ಡಿಸೆಂಬರಿನಲ್ಲಿ ದೊಡ್ಡ ಸದ್ದು ಮಾಡಿಕೊಂಡು ಬಂದ ಸೈಬರ್‌ಪಂಕ್ 2077. ಅದನ್ನು ಮಾಡಿದವರು ಪೋಲೆಂಡಿನವರು. ಗೇಮ್‌ಡೆಕ್ ಮಾಡಿದವರೂ ಪೋಲೆಂಡಿನವರೇ.

ರೋಲ್‌ಪ್ಲೇಯಿಂಗ್ ಎಂಬ ಪದಕ್ಕೆ ಬಂದಾಗ ನನಗೆ ಕಷ್ಟವೇ ಆಗಲಿಲ್ಲ. ಎದುರಿಗೆ ಕೂತಿದ್ದದ್ದು ಅರ್ಥಧಾರಿ ಅಲ್ವಾ.

ತಾಳಮದ್ದಳೆ ನೋಡದವರಿಗೆ ಎರಡು ಮಾತು. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಪಂಚೆ ಶಾಲು ಹೊದ್ದು ಕೂತವರು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಒಬ್ಬರು ವಾಲಿ, ಒಬ್ಬರು ರಾಮ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. "ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ?" ಎಂದು ವಾಲಿ ಕೇಳಿದರೆ ರಾಮ ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳಬೇಕು. ಅರ್ಥಧಾರಿ ತೀರಾ ಉದ್ದ ಎಳೆದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಅಲ್ಲಿಗೆ ಬಾಯಿ ಮುಚ್ಚಬೇಕು.

ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ ಆಟ ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರು ಒಂದೊಂದು ಪಾತ್ರ. ಒಬ್ಬ ಕತೆ ನಡೆಸುವವನು. "ನೀನು ಗುಹೆಯ ಬಾಗಿಲಲ್ಲಿ ಇದ್ದೀಯ, ಏನು ಮಾಡುತ್ತೀಯ?" ಎಂದು ಅವನು ಕೇಳುತ್ತಾನೆ. ಉಳಿದವರು ಪಾತ್ರವಾಗಿಯೇ ಉತ್ತರಿಸುತ್ತಾರೆ. ಮಾಡಲು ಹೊರಟದ್ದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದಾಳ ಉರುಳಿಸುವ ತಾಳಮದ್ದಳೆ ಎನ್ನಿ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದ ಮಾಡಲಿ, ರಾಮನ ಬಾಯಿ ಕಟ್ಟಿಸಲಿ, ಕೊನೆಗೆ ಸಾಯಲೇಬೇಕು. ಪ್ರಸಂಗದ ಪುಸ್ತಕದಲ್ಲಿ ಹಾಗಿದೆ. ಅಲ್ಲಿ ವಾಲಿ ಬದುಕಲೂಬಹುದು.

ಈ ಬಗೆಯ ಆಟ ಕಂಪ್ಯೂಟರಿಗೆ ಬಂದಾಗ ಕತೆ ನಡೆಸುವ ಮನುಷ್ಯ ಹೋದ. ಅವನ ಜಾಗದಲ್ಲಿ ಪ್ರೋಗ್ರಾಂ ಕೂತಿತು. ಇದನ್ನು ಹೇಳುತ್ತಿದ್ದ ಹಾಗೆ ಮಾವ ಕೇಳಿದರು: "ಹಾಂಗಾರೆ ಭಾಗವತ ಆರು?" ಹಾಗಾದರೆ ಭಾಗವತ ಯಾರು ಎಂದು.

ಭಾಗವತ ಯಂತ್ರ. ತೊಂದರೆ ಶುರುವಾಗುವುದೇ ಇಲ್ಲಿಂದ. ಮನುಷ್ಯ ಭಾಗವತನಿಗೆ ಕಿವಿ ಇದೆ. ನೀವು ಪ್ರಸಂಗದಲ್ಲಿ ಇಲ್ಲದ ಮಾತು ಆಡಿದರೂ ಅದನ್ನು ಹಿಡಿದು ಮುಂದಕ್ಕೆ ಒಯ್ಯಬಲ್ಲ. ಯಂತ್ರಕ್ಕೆ ಮೊದಲೇ ಬರೆದಿಟ್ಟದ್ದಷ್ಟೇ ಗೊತ್ತು. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂದು ಲೆಕ್ಕ ಹಾಕುವುದು ಅದಕ್ಕೆ ಸುಲಭ. ನಿಮ್ಮ ತಲೆಯಲ್ಲಿ ಮೂಡಿದ ಅನುಮಾನವನ್ನು ಅಳೆಯುವುದು ಹೇಗೆ? ಪತ್ತೇದಾರಿ ಆಟ ಮಾಡುವವರ ನಿಜವಾದ ತಲೆನೋವು ಇದು. ಬಣ್ಣದ ದೀಪ, ಹಾರುವ ಕಾರು ಎಲ್ಲ ಆಮೇಲಿನ ವಿಷಯ.

ಪತ್ತೇದಾರನಿಗೆ ಗೊತ್ತಾಯಿತು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಜಪಾನಿನಲ್ಲಿ 1983ರಲ್ಲಿ ಯೂಜಿ ಹೋರಿ ಎಂಬವರು ಪೋರ್ಟೋಪಿಯಾ ಎಂಬ ಕೊಲೆ ತನಿಖೆಯ ಆಟ ಮಾಡಿದರು. ಅದರಲ್ಲಿ ಆಡುವವನು ಪದಗಳನ್ನು ಟೈಪ್ ಮಾಡಿ ಆಜ್ಞೆ ಕೊಡಬೇಕಿತ್ತು. ನೀವು ಯೋಚಿಸಿದ್ದು ಸರಿಯಿದ್ದರೂ ಯಂತ್ರಕ್ಕೆ ಗೊತ್ತಿಲ್ಲದ ಪದ ಬಳಸಿದರೆ ಅದು ಪಿಳಿಪಿಳಿ ನೋಡುತ್ತಿತ್ತು. 1985ರಲ್ಲಿ ಅದೇ ಆಟ ಟಿವಿಗೆ ಜೋಡಿಸುವ ಫ್ಯಾಮಿಕಾಮ್ ಯಂತ್ರಕ್ಕೆ ಬಂದಾಗ ಟೈಪ್ ಮಾಡುವುದು ಹೋಗಿ ಪಟ್ಟಿ ಬಂತು. 'ಹುಡುಕು', 'ಕೇಳು', 'ಬಂಧಿಸು', ಹೀಗೆ ಆರಿಸಿಕೊಂಡರಾಯಿತು. ಸುಲಭವಾಯಿತು, ಸರಿ. ಆದರೆ ಪಟ್ಟಿ ತಾನೇ ಸುಳಿವು ಕೊಟ್ಟುಬಿಡುತ್ತದೆ. 'ಗೋಡೆಯನ್ನು ತಟ್ಟಿ ನೋಡು' ಎಂದು ಪಟ್ಟಿಯಲ್ಲಿ ಕಂಡರೆ ಗೋಡೆಯ ಹಿಂದೆ ಏನೋ ಇದೆ ಎಂದಾಯಿತಲ್ಲ. ಆಗ ಯೋಚಿಸಿದ್ದು ಯಾರು? ನಾನಲ್ಲ, ಪಟ್ಟಿ ಬರೆದವನು.

ಅಲ್ಲಿಂದ ಇಲ್ಲಿವರೆಗೆ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದ್ದಾರೆ. ನನಗೆ ಬಹಳ ಜಾಣತನದ್ದು ಅನಿಸುವುದು ಲೂಕಾಸ್ ಪೋಪ್ ಅವರ 2018ರ ಆಟ, ರಿಟರ್ನ್ ಆಫ್ ದಿ ಓಬ್ರಾ ಡಿನ್. ಕಾಣೆಯಾಗಿದ್ದ ಹಡಗು ವಾಪಸ್ ಬಂದಿದೆ, ಅದರಲ್ಲಿ ಯಾರೂ ಇಲ್ಲ. ಅದರಲ್ಲಿದ್ದ 60 ಜನರ ಗತಿ ಏನಾಯಿತು ಎಂದು ನೀವು ಪುಸ್ತಕದಲ್ಲಿ ತುಂಬಬೇಕು. ಒಂದೊಂದಾಗಿ ಊಹೆ ಹೊಡೆದು ಸರಿಯೋ ತಪ್ಪೋ ಎಂದು ನೋಡಲು ಆಟ ಬಿಡುವುದಿಲ್ಲ. ಮೂವರ ಗತಿ ಸರಿಯಾಗಿ ತುಂಬಿದ ಮೇಲಷ್ಟೇ ಆ ಮೂರನ್ನೂ ಒಟ್ಟಿಗೆ ಒಪ್ಪುತ್ತದೆ. ಕುರುಡು ಊಹೆಗೆ ಅದು ಹಾಕಿದ ಬೇಲಿ ಇದು. 1997ರ ಬ್ಲೇಡ್ ರನ್ನರ್ ಎಂಬ ಆಟದ್ದು ಬೇರೆಯೇ ಉಪಾಯ. ಪಾತ್ರಗಳಲ್ಲಿ ಮನುಷ್ಯ ಯಾರು, ಮನುಷ್ಯನಂತೆ ಕಾಣುವ ಕೃತಕ ಜೀವಿ ಯಾರು ಎಂಬುದು ಕೆಲವರ ವಿಷಯದಲ್ಲಿ ಪ್ರತಿ ಸಲ ಹೊಸದಾಗಿ ಆಡುವಾಗ ಬದಲಾಗುತ್ತದೆ. ಸ್ನೇಹಿತ ಹೇಳಿದ ಉತ್ತರ ನಿಮ್ಮ ಕೆಲಸಕ್ಕೆ ಬರುವುದಿಲ್ಲ. 2024ರಲ್ಲಿ ಪೂರ್ತಿಯಾಗಿ ಹೊರಬಂದ ಶ್ಯಾಡೋಸ್ ಆಫ್ ಡೌಟ್ ಇನ್ನೂ ಮುಂದೆ ಹೋಯಿತು. ಅದು ಇಡೀ ಊರನ್ನೇ ಯಂತ್ರದಿಂದ ಹುಟ್ಟಿಸುತ್ತದೆ. ಪ್ರತಿಯೊಬ್ಬನಿಗೂ ಮನೆ, ಕೆಲಸ, ದಿನಚರಿ ಇರುತ್ತದೆ. ಅವರಲ್ಲೇ ಒಬ್ಬ ಕೊಲೆಗಾರ.

ಇವಕ್ಕೆಲ್ಲ ಒಂದು ಸಮಾನ ಅಂಶ ಇದೆ. ಸರಿ ಉತ್ತರ ಒಂದು ಇದೆ, ಅದು ಯಂತ್ರಕ್ಕೆ ಗೊತ್ತಿದೆ. ಗೇಮ್‌ಡೆಕ್ ಈ ದಾರಿ ಬಿಟ್ಟು ಬದಿಗೆ ಸರಿಯಿತು.

ಈಗ ಗೇಮ್‌ಡೆಕ್

ಇದನ್ನು ಮಾಡಿದ್ದು ಪೋಲೆಂಡಿನ ಕಾಟೊವಿತ್ಸೆ ಊರಿನ ಆನ್ಶರ್ ಸ್ಟುಡಿಯೋಸ್. ಕಲ್ಲಿದ್ದಲು ಗಣಿಗಳಿಗೆ ಹೆಸರಾದ ಊರು ಅದು. ಕಂಪ್ಯೂಟರಿಗೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಕತೆ ನಡೆಯುವುದು 22ನೇ ಶತಮಾನದ ವಾರ್ಸಾ ನಗರದಲ್ಲಿ. ಹೊರಗಿನ ಬದುಕು ಅಷ್ಟೇನೂ ಸುಖದ್ದಲ್ಲ. ಜನ ದಿನದ ದೊಡ್ಡ ಭಾಗವನ್ನು ವರ್ಚುವಲ್ ಜಗತ್ತುಗಳಲ್ಲಿ, ಅಂದರೆ ಕಂಪ್ಯೂಟರ್ ಕಟ್ಟಿದ ಜಗತ್ತುಗಳಲ್ಲಿ ಕಳೆಯುತ್ತಾರೆ. ಜನ ಇದ್ದಲ್ಲಿ ಮೋಸ ಇರುತ್ತದೆ, ಕಳ್ಳತನ ಇರುತ್ತದೆ, ಹಗೆ ಇರುತ್ತದೆ. ಆ ಜಗತ್ತುಗಳ ಒಳಗೆ ಹೋಗಿ ಕೇಸು ಬಿಡಿಸುವ ಖಾಸಗಿ ಪತ್ತೇದಾರನಿಗೆ ಗೇಮ್‌ಡೆಕ್ ಎಂದು ಹೆಸರು. ನೀವೇ ಅವನು, ಅಥವಾ ಅವಳು.

ಮೊದಲ ಕೇಸು ಬರುವುದು ಒಬ್ಬ ಶ್ರೀಮಂತನಿಂದ. ಮಗ ಆಟದೊಳಗೆ ಹೋದವನು ಹೊರಗೆ ಬರುತ್ತಿಲ್ಲ. ದೇಹ ಇಲ್ಲಿದೆ, ಅವನು ಇಲ್ಲಿಲ್ಲ. ಮಾವ ಇದನ್ನು ಕೇಳಿದಾಗ ಆಶ್ಚರ್ಯಪಡಲಿಲ್ಲ. ಪರಕಾಯ ಪ್ರವೇಶ ಮಾಡಿದ ಮೇಲೆ ಬಿಟ್ಟುಹೋದ ದೇಹವನ್ನು ಯಾರಾದರೂ ಕಾಯಬೇಕು ಎಂಬುದು ಅವರಿಗೆ ಗೊತ್ತಿದ್ದ ವಿಷಯ. ಮುಂದೆ ಹೋದ ಹಾಗೆ ಬೇರೆ ಬೇರೆ ಜಗತ್ತುಗಳು ಬರುತ್ತವೆ. ಹಾರ್ವೆಸ್ಟ್ ಟೈಮ್ ಎಂಬುದು ಹಳ್ಳಿಯ ಕೃಷಿ ಆಟ. ನೈಟ್ಸ್ ಕೋಡ್ ಎಂಬುದು ಹಳೆಯ ಜಪಾನನ್ನು ನೆನಪಿಸುವ ಯೋಧರ ಲೋಕ. ಒಂದರ ನಿಯಮ ಇನ್ನೊಂದರಲ್ಲಿ ನಡೆಯುವುದಿಲ್ಲ. ಎಲ್ಲವನ್ನೂ ಮೇಲಿನಿಂದ ಓರೆಯಾಗಿ, ತೆಂಗಿನ ಮರದ ಮೇಲಿಂದ ಅಂಗಳ ನೋಡಿದ ಹಾಗೆ ನೋಡುತ್ತೀರಿ. ಹೊಡೆದಾಟ ಇಲ್ಲ. ನಡೆಯುವುದು, ನೋಡುವುದು, ಮಾತಾಡಿಸುವುದು, ಓದುವುದು, ತೀರ್ಮಾನಿಸುವುದು. ಇದಿಷ್ಟೇ.

ತೀರ್ಮಾನಿಸುವ ಆ ಕ್ರಮವೇ ಈ ಆಟದ ಜೀವ. ಅದನ್ನು ಪೋಲೆಂಡಿನ ಕೇಸಿನಲ್ಲೇ ಹೇಳಿದರೆ ಆಡುವವರ ಸ್ವಾರಸ್ಯ ಹೋಗುತ್ತದೆ. ಹಾಗಾಗಿ ನಾನು ಮಾವನಿಗೆ ಜಾಂಬವತಿ ಕಲ್ಯಾಣವನ್ನು ಕೇಸು ಮಾಡಿ ಹೇಳಿದೆ. ನೋಡಿ, ನಮ್ಮಲ್ಲಿ ಹೆಜ್ಜೆಗುರುತು ಹಿಡಿದು ಹೋಗುವ ಪತ್ತೇದಾರಿ ಕತೆ ಎಂದರೆ ಇದೇ.

ಕೇಸು ಹೀಗೆ. ಸತ್ರಾಜಿತನಿಗೆ ಸೂರ್ಯನಿಂದ ಸ್ಯಮಂತಕ ಮಣಿ ಸಿಕ್ಕಿದೆ. ಅದನ್ನು ರಾಜನಿಗೆ ಕೊಡು ಎಂದು ಕೃಷ್ಣ ಒಮ್ಮೆ ಹೇಳಿದ್ದ, ಸತ್ರಾಜಿತ ಕೊಟ್ಟಿರಲಿಲ್ಲ. ಅವನ ತಮ್ಮ ಪ್ರಸೇನ ಮಣಿ ಧರಿಸಿ ಬೇಟೆಗೆ ಹೋದ. ಬರಲಿಲ್ಲ. ಮಣಿಯೂ ಇಲ್ಲ. ನೀವು ದ್ವಾರಕೆಗೆ ಬಂದ ಪತ್ತೇದಾರ.

ಊರಲ್ಲಿ ನಾಲ್ಕು ಜನರನ್ನು ಮಾತಾಡಿಸಿದರೆ ಸಿಗುವ ಸುಳಿವು ಒಂದೇ: ಕೃಷ್ಣನಿಗೆ ಆ ಮಣಿಯ ಮೇಲೆ ಕಣ್ಣಿತ್ತು. ಈಗ ಆಟದಲ್ಲಿ ತೀರ್ಮಾನದ ಪುಟ ತೆರೆಯಿರಿ. 'ಪ್ರಸೇನನಿಗೆ ಏನಾಯಿತು?' ಎಂಬ ಪ್ರಶ್ನೆ ಅಲ್ಲಿರುತ್ತದೆ. ಕೆಳಗೆ ಒಂದು ಉತ್ತರ ಬೆಳಗುತ್ತಿರುತ್ತದೆ, 'ಕೃಷ್ಣ ಕೊಂದು ಮಣಿ ಕದ್ದ'. ಉಳಿದ ಉತ್ತರಗಳ ಜಾಗ ಮುಚ್ಚಿದೆ. ಬೇರೆ ಉತ್ತರ ಇದೆ ಎಂದು ಕಾಣುತ್ತದೆ, ಅದೇನು ಎಂದು ಕಾಣುವುದಿಲ್ಲ. ಕಾಡಿಗೆ ಹೋದರೆ ಪ್ರಸೇನನ ಮತ್ತು ಕುದುರೆಯ ಹೆಣ, ಮೈಮೇಲೆ ಉಗುರಿನ ಗುರುತು. ಎರಡನೇ ಉತ್ತರ ತೆರೆಯಿತು: 'ಸಿಂಹ ಕೊಂದಿತು.' ಇನ್ನೂ ಮುಂದೆ ಹೋದರೆ ಆ ಸಿಂಹವೇ ಸತ್ತು ಬಿದ್ದಿದೆ, ಮಣಿ ಅದರ ಹತ್ತಿರವೂ ಇಲ್ಲ. ಅಲ್ಲಿಂದ ಕರಡಿಯ ಹೆಜ್ಜೆ ಒಂದು ಗುಹೆಗೆ ಹೋಗಿದೆ. ಮೂರನೇ ಉತ್ತರ ತೆರೆಯಿತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಎಲ್ಲ ಸುಳಿವು ಸಿಗುವವರೆಗೆ ಕಾಯಲೇಬೇಕು ಎಂದಿಲ್ಲ. ಮೊದಲ ಸುಳಿವಿನಲ್ಲೇ ತೀರ್ಮಾನ ಒತ್ತಬಹುದು. ಆಟ ಬೇಡ ಅನ್ನುವುದಿಲ್ಲ. ಎರಡು, ಒತ್ತಿದ ಮೇಲೆ ವಾಪಸ್ ಇಲ್ಲ. ಕೃಷ್ಣನೇ ಕಳ್ಳ ಎಂದು ಒತ್ತಿದಿರೋ, ಕತೆ ಆ ದಾರಿ ಹಿಡಿದು ಮುಂದೆ ಹೋಗುತ್ತದೆ. 'ತಪ್ಪು, ಮತ್ತೆ ಪ್ರಯತ್ನಿಸಿ' ಎಂಬ ಫಲಕ ಬರುವುದಿಲ್ಲ. ಕೆಂಪು ದೀಪ ಇಲ್ಲ, ಗಂಟೆ ಇಲ್ಲ. ಮುಂದಿನ ಜನ ನಿಮ್ಮ ಜೊತೆ ಮಾತಾಡುವ ರೀತಿ ಬದಲಾಗುತ್ತದೆ. ತೆರೆಯಬೇಕಿದ್ದ ಕೆಲವು ಬಾಗಿಲು ತೆರೆಯುವುದಿಲ್ಲ. ಕೆಲವು ಬೇರೆ ಬಾಗಿಲು ತೆರೆಯುತ್ತವೆ. ಗುಹೆಯಲ್ಲಿ ಮಗು ಮಣಿ ಹಿಡಿದು ಆಡುತ್ತಲೇ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಜಾಂಬವತಿಯೂ ಇಲ್ಲ, ಸತ್ಯಭಾಮೆಯೂ ಇಲ್ಲ.

"ಸತ್ರಾಜಿತ ಮಾಡಿದ್ದೂ ಅದನ್ನೇ ಅಲ್ಲದಾ" ಎಂದರು ಮಾವ. ಹೌದಲ್ಲ! ನನಗೆ ಅದು ಹೊಳೆದಿರಲಿಲ್ಲ. ಪ್ರಸಂಗದ ಒಳಗೇ ಒಬ್ಬ ಕೆಟ್ಟ ಪತ್ತೇದಾರ ಇದ್ದಾನೆ. ಮೊದಲ ಸುಳಿವಿನಲ್ಲೇ ಒತ್ತಿದವನು.

ಗಡಿನಾಡಿನವರಿಗೆ ಒಂದೇ ಸಾಕ್ಷ್ಯದಿಂದ ಎರಡು ತೀರ್ಮಾನ ಹುಟ್ಟುವುದು ಹೊಸದೇನಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದೇ ಊರು, ಅದೇ ಜನ, ಅದೇ ಭಾಷೆಯ ಲೆಕ್ಕ. ಯಾವ ಉತ್ತರ ಸರಿ ಎಂದು ಈಗಲೂ ನಮ್ಮ ಚಾವಡಿಗಳಲ್ಲಿ ವಾದ ಮುಗಿದಿಲ್ಲ. ಕತೆ ಮಾತ್ರ ಒತ್ತಿದ ಗುಂಡಿಯ ದಾರಿಯಲ್ಲೇ ನಡೆದುಹೋಗಿದೆ. ಇರಲಿ, ವಿಷಯ ಬೇರೆ ಕಡೆ ಹೋಯಿತು.

ಹಾಗಾದರೆ ಯಂತ್ರಕ್ಕೆ ನಮ್ಮ ತಲೆಯೊಳಗಿನದು ಹೇಗೆ ಗೊತ್ತಾಯಿತು? ಗೊತ್ತಾಗಲಿಲ್ಲ. ಗೇಮ್‌ಡೆಕ್ ಆ ಪ್ರಶ್ನೆಯಿಂದ ನುಣುಚಿಕೊಂಡಿದೆ ಎನ್ನುವುದೇ ಸರಿ. ನೀವು ಸತ್ಯ ಕಂಡುಹಿಡಿದಿರಾ ಎಂದು ಅದು ಅಳೆಯುವುದೇ ಇಲ್ಲ. ನೀವು ಯಾವುದನ್ನು ಸತ್ಯ ಎಂದು ನಂಬಿದಿರಿ ಎಂದು ಬರೆದಿಟ್ಟುಕೊಂಡು, ಅದರ ಮೇಲೆ ಮುಂದಿನ ಅಧ್ಯಾಯ ಕಟ್ಟುತ್ತದೆ. ಲೆಕ್ಕದ ಪರೀಕ್ಷೆ ಅಲ್ಲ, ತೀರ್ಪು ಬರೆಯುವ ಕೆಲಸ. ಕೋರ್ಟಿನಲ್ಲಿ ಜಡ್ಜಿಗೂ ಅಷ್ಟೇ ಅಲ್ವಾ, ತೀರ್ಪು ಕೊಟ್ಟ ಮೇಲೆ ಯಾರೂ ಬಂದು 'ನೂರಕ್ಕೆ ತೊಂಬತ್ತು' ಎಂದು ಅಂಕ ಹಾಕುವುದಿಲ್ಲ.

ಬಾಯಿ ಬದಲಾದರೆ ಬಾಗಿಲು ಬದಲಾಗುತ್ತದೆ

ಸುಳಿವು ಸಿಗುವುದು ಸುಮ್ನೆ ಅಲ್ಲ. ಗೇಮ್‌ಡೆಕ್‌ನಲ್ಲಿ ನೀವು ಮಾತಾಡುವ ರೀತಿಗೆ ತಕ್ಕಂತೆ ನಾಲ್ಕು ಬಣ್ಣದ ಅಂಕ ಸೇರುತ್ತಾ ಹೋಗುತ್ತದೆ. ಜೋರು ಮಾಡಿದರೆ ಒಂದು ಬಣ್ಣ, ಲೆಕ್ಕ ಹಾಕಿ ಮಾತಾಡಿದರೆ ಇನ್ನೊಂದು. ಆ ಅಂಕ ಕೊಟ್ಟು ಕಸುಬು ಕಲಿಯಬೇಕು. ಯಂತ್ರದ ಬೀಗ ಒಡೆಯುವುದು ಒಂದು, ವೈದ್ಯಕೀಯ ಒಂದು, ಜನಪ್ರಿಯತೆಯಿಂದಲೇ ಕೆಲಸ ಸಾಧಿಸುವುದು ಒಂದು. ಬೀಗ ಒಡೆಯಲು ಕಲಿತವನಿಗೆ ಕಾಣುವ ಉತ್ತರದ ಆಯ್ಕೆ ವೈದ್ಯ ಕಲಿತವನಿಗೆ ಕಾಣುವುದಿಲ್ಲ. ಒಂದೇ ಕೋಣೆ, ಒಂದೇ ಹೆಣ, ಆದರೆ ಇಬ್ಬರಿಗೆ ಸಿಗುವ ಸುಳಿವು ಬೇರೆ.

ಇದು ಹೊರಗಿನವರಿಗೆ ವಿಚಿತ್ರ ಅನಿಸಬಹುದು. ಕಾಸರಗೋಡಿನವರಿಗೆ ಅರ್ಥ ಮಾಡಿಸಲು ಬೇಕಾಗಿಲ್ಲ. ನಮ್ಮದು ಸಪ್ತಭಾಷಾ ಸಂಗಮ ಎಂದು ಭಾಷಣದಲ್ಲಿ ಹೇಳುವುದುಂಟು, ಆದರೆ ದಿನದ ಕೆಲಸದಲ್ಲಿ ಅದು ಬಾಗಿಲು ತೆರೆಯುವ ವಿಷಯ. ಕಚೇರಿಯಲ್ಲಿ ಮಲಯಾಳ ಆಡಿದರೆ ಫೈಲು ಎಲ್ಲಿದೆ ಎಂದು ಹೇಳುತ್ತಾರೆ. ತೋಟದ ಕೆಲಸಕ್ಕೆ ಬಂದವರ ಹತ್ತಿರ ತುಳುವಿನಲ್ಲಿ ಕೇಳಿದರೆ ಪಕ್ಕದ ತೋಟದಲ್ಲಿ ನಿಜವಾಗಿ ಎಷ್ಟು ಕೂಲಿ ಕೊಡುತ್ತಾರೆ ಎಂಬುದು ಹೊರಬೀಳುತ್ತದೆ. ಮೀನು ತರುವವರ ಹತ್ತಿರ ಬ್ಯಾರಿ ಭಾಷೆಯ ಎರಡು ಮಾತು ಬಂದರೆ ಒಳ್ಳೆಯ ಬಂಗುಡೆ ಬುಟ್ಟಿಯ ಅಡಿಯಿಂದ ಮೇಲೆ ಬರುತ್ತದೆ. ಒಬ್ಬನೇ ಮನುಷ್ಯ ಬೆಳಿಗ್ಗೆಯಿಂದ ಸಂಜೆಗೆ ನಾಲ್ಕು ಬಾಯಿ ಬದಲಾಯಿಸುತ್ತಾನೆ. ಇದನ್ನು ನಾವು ವೇಷ ಅನ್ನುವುದಿಲ್ಲ, ಆದರೆ ಆಟದವರು ಅವತಾರ ಅನ್ನುವುದು ಹೆಚ್ಚು ಕಮ್ಮಿ ಇದನ್ನೇ.

2019ರ ಡಿಸ್ಕೋ ಎಲಿಸಿಯಂ ಇದೇ ವಿಚಾರವನ್ನು ತಲೆಯೊಳಗೆ ಒಯ್ದಿತು. ಅದು ಸೈಬರ್‌ಪಂಕ್ ಅಲ್ಲ, ಆದರೆ ಹೊಡೆದಾಟದ ವ್ಯವಸ್ಥೆ ಇಲ್ಲದ ಪತ್ತೇದಾರಿ ಆಟಗಳಿಗೆ ಅದೇ ದೊಡ್ಡಣ್ಣ. ಅದರಲ್ಲಿ ಪತ್ತೇದಾರನ 24 ಗುಣಗಳು ಅವನ ಜೊತೆ ಮಾತಾಡುತ್ತವೆ, ಜಗಳಾಡುತ್ತವೆ, ಕೆಲವೊಮ್ಮೆ ಸುಳ್ಳು ದಾರಿ ತೋರಿಸುತ್ತವೆ. ಬರವಣಿಗೆಯ ಗುಣದಲ್ಲಿ ಗೇಮ್‌ಡೆಕ್ ಅದರ ಹತ್ತಿರ ಬರುವುದಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಗೇಮ್‌ಡೆಕ್ ಯಾಕೆ ಬೇಕು? ಅಪರಾಧ ನಡೆಯುವ ಜಾಗದ ಕಾರಣಕ್ಕೆ. ವರ್ಚುವಲ್ ಜಗತ್ತಿನಲ್ಲಿ ತನಿಖೆಯ ಮೂಲ ಪಾಠಗಳೇ ಉಲ್ಟಾ. ಮುಖ ನೋಡಿ ಗುರುತು ಹಿಡಿಯಲು ಬರುವುದಿಲ್ಲ, ಮುಖ ದುಡ್ಡು ಕೊಟ್ಟರೆ ಸಿಗುತ್ತದೆ. ಬೆರಳಚ್ಚು ಇಲ್ಲ. ಸತ್ತವನು ಎದ್ದು ಬಂದು ಸಾಕ್ಷಿ ಹೇಳಬಹುದು. ಆದರೆ ಪ್ರತಿ ಹೆಜ್ಜೆಯೂ ಎಲ್ಲೋ ದಾಖಲಾಗಿರುತ್ತದೆ, ಆ ದಾಖಲೆ ಕಂಪನಿಯ ಕೈಯಲ್ಲಿರುತ್ತದೆ. ಮತ್ತೆ, ಅನುಮಾನಿತರ ಪಟ್ಟಿಯಲ್ಲಿ ಮನುಷ್ಯರ ಜೊತೆ ಇನ್ನೊಬ್ಬ ಇದ್ದಾನೆ: ಆ ಜಗತ್ತಿನ ನಿಯಮ. ಯಾರೂ ತಪ್ಪು ಮಾಡದೆಯೂ ಅನಾಹುತ ಆಗಬಹುದು.

ಇದು ಕಟ್ಟುಕತೆ ಅಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ 2005ರ ಸೆಪ್ಟೆಂಬರಿನಲ್ಲಿ ನಡೆದದ್ದು ಕೇಳಿ. ಹೊಸದಾಗಿ ಸೇರಿಸಿದ ಒಬ್ಬ ದೊಡ್ಡ ರಾಕ್ಷಸನ ಜೊತೆ ಹೋರಾಡುವಾಗ ಆಟಗಾರರಿಗೆ ಒಂದು ಅಂಟುರೋಗ ತಗಲುತ್ತಿತ್ತು. ಅದು ಆ ರಾಕ್ಷಸನ ಜಾಗದೊಳಗೇ ಇರಬೇಕಿತ್ತು. ಆದರೆ ಆಟಗಾರರ ಸಾಕುಪ್ರಾಣಿಗಳು ರೋಗ ಹೊತ್ತು ಹೊರಗೆ ಬಂದವು. ಊರುಗಳಲ್ಲಿ ಹರಡಿತು. ಕಡಿಮೆ ಬಲದ ಪಾತ್ರಗಳು ರಾಶಿ ರಾಶಿ ಬಿದ್ದವು. ಯಂತ್ರ ನಡೆಸುವ ಪಾತ್ರಗಳು ತಾವು ಸಾಯದೆ ರೋಗ ಹಂಚುತ್ತಿದ್ದವು. ಕೆಲವರು ಬೇಕೆಂದೇ ಹರಡಿದರು, ಕೆಲವರು ಬಿದ್ದವರನ್ನು ಗುಣಪಡಿಸಲು ಓಡಿದರು. ಕೊನೆಗೆ ಕಂಪನಿ ಸರ್ವರ್‌ಗಳನ್ನು ಮರುಚಾಲನೆ ಮಾಡಿ ನಿಲ್ಲಿಸಬೇಕಾಯಿತು. ಆಮೇಲೆ ರೋಗ ಹರಡುವಿಕೆ ಓದುವ ವಿಜ್ಞಾನಿಗಳು ಇದರ ಮೇಲೆ ಲೇಖನ ಬರೆದರು. ಜನ ಹೆದರಿದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವರಿಗೆ ಬೇಕಿತ್ತು. ಇಲ್ಲಿ ಅಪರಾಧಿ ಯಾರು? ರೋಗ ತಂದ ಆಟಗಾರನಾ, ಪ್ರಾಣಿಯಾ, ನಿಯಮ ಬರೆದವನಾ? ಗೇಮ್‌ಡೆಕ್‌ಗೆ ಹೇಳಿ ಮಾಡಿಸಿದ ಕೇಸು.

ಇನ್ನೊಂದು ನೆದರ್‌ಲ್ಯಾಂಡ್ಸ್‌ನದ್ದು. 2007ರಲ್ಲಿ ಇಬ್ಬರು ಹುಡುಗರು 13 ವರ್ಷದ ಇನ್ನೊಬ್ಬ ಹುಡುಗನನ್ನು ಹೊಡೆದು ಬೆದರಿಸಿ, ರೂನ್‌ಸ್ಕೇಪ್ ಎಂಬ ಆಟದೊಳಗಿನ ಒಂದು ತಾಯತ ಮತ್ತು ಒಂದು ಮುಖವಾಡವನ್ನು ತಮ್ಮ ಖಾತೆಗೆ ಹಾಕಿಸಿಕೊಂಡರು. ಹೊಡೆದದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಯತ ಕದ್ದದ್ದು ಕಳ್ಳತನವಾ? ಅದು ಬರೀ ಪರದೆಯ ಮೇಲಿನ ಚಿತ್ರ, ಕೈಗೆ ಸಿಗುವ ವಸ್ತುವೇ ಅಲ್ಲ ಎಂದು ವಾದ ಬಂತು. 2012ರ ಜನವರಿಯಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಅದನ್ನು ಕಳ್ಳತನವೇ ಎಂದಿತು. ಹುಡುಗ ಅದನ್ನು ಗಳಿಸಲು ಸಮಯ, ಶ್ರಮ ಹಾಕಿದ್ದಾನೆ, ಅವನಿಗೆ ಅದು ಬೆಲೆಯುಳ್ಳದ್ದು. ಅವನ ಹತೋಟಿಯಲ್ಲಿ ಇದ್ದದ್ದು ಅವನ ಕೈ ತಪ್ಪಿತು. ಅಷ್ಟು ಸಾಕು ಎಂಬುದು ತೀರ್ಪಿನ ತಿರುಳು. ತಾಯತ ಎಂದ ಕೂಡಲೆ ಮಾವನಿಗೆ ಕತೆಯ ಮೇಲೆ ಗೌರವ ಬಂತು. ಮುಟ್ಟಲಾಗದ ವಸ್ತುವಿಗೆ ಬೆಲೆ ಇರುವುದು ಅವರಿಗೆ ಹೊಸದಲ್ಲ. ಸಾಲದ್ದಕ್ಕೆ, ಅರ್ಥ ಹೇಳಿ ಸಿಗುವ ಸಂಭಾವನೆಗಿಂತ ಸಭೆಯಲ್ಲಿ ಸಿಕ್ಕ ಚಪ್ಪಾಳೆಯನ್ನೇ ಲೆಕ್ಕ ಇಡುವ ಜನ ಅವರು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರುಗಳನ್ನೂ ಹೇಳಬೇಕು. ಗೇಮ್‌ಡೆಕ್‌ನಲ್ಲಿ ಓದುವುದು ಜಾಸ್ತಿ, ಬಹಳ ಜಾಸ್ತಿ. ಆಟದೊಳಗಿನ ಪದಕೋಶವೇ ಒಂದು ಸಣ್ಣ ಪುಸ್ತಕದಷ್ಟಿದೆ. ನಿಜ ಜಗತ್ತಿಗೆ ಒಂದು ಹೆಸರು, ವರ್ಚುವಲ್‌ಗೆ ಒಂದು ಹೆಸರು, ಹೊರಬರುವುದಕ್ಕೆ ಒಂದು ಹೆಸರು. ಮೊದಲ ಎರಡು ಗಂಟೆ ಹೊಸ ಊರಿನ ಬಸ್ ನಿಲ್ದಾಣದಲ್ಲಿ ನಿಂತ ಹಾಗೆ ಆಗುತ್ತದೆ. ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲಿ ಓದಬೇಕು, ಅದೂ ಬೀದಿಭಾಷೆ ಬೆರೆತ ಇಂಗ್ಲಿಷ್. ಸುಳಿವುಗಳು ಕೆಲವೊಮ್ಮೆ ತೀರಾ ಸುಲಭವಾಗಿ ಕೈಗೆ ಬಂದು ಬೀಳುತ್ತವೆ. ಹುಡುಕಿದ ತೃಪ್ತಿ ಇರುವುದಿಲ್ಲ. ಮೊದಲೇ ಹೇಳಿದ ಪಟ್ಟಿಯ ದೋಷ ಇಲ್ಲೂ ಪೂರ್ತಿ ಹೋಗಿಲ್ಲ. ತೀರ್ಮಾನದ ವಾಕ್ಯ ಬರೆದವನು ನಾನಲ್ಲ, ನಾನು ಆರಿಸಿದ್ದಷ್ಟೇ. ನನ್ನ ತಲೆಯಲ್ಲಿದ್ದ ನಾಲ್ಕನೆಯ ಉತ್ತರ ಅಲ್ಲಿ ಇರಲೇ ಇಲ್ಲ ಎಂಬ ಸಿಟ್ಟು ಎರಡು ಮೂರು ಸಲ ಬಂದಿದೆ. ಇನ್ನು ಕೆಲವು ಜಗತ್ತುಗಳಲ್ಲಿ ಬರುವ ವಿಷಯ ಚಿಕ್ಕ ಮಕ್ಕಳ ಎದುರು ಆಡುವಂಥದ್ದಲ್ಲ. ಮೊದಲನೆಯದೇ ಹಾಗಿದೆ. ಚಾವಡಿಯಲ್ಲಿ ಕೂತು ಆಡುವವರು ಹಿಂದೆ ಯಾರಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿಕೊಳ್ಳಿ. ನಾನು ಆ ಭಾಗವನ್ನು ಮುಂಚೆಯೇ ಮುಗಿಸಿದ್ದೆ, ಬಚಾವಾದೆ.

ಮಾವನಿಗೆ ತೋರಿಸಿದ್ದು ಹಳ್ಳಿಯ ಕೃಷಿ ಆಟದ ಭಾಗ. ಅಲ್ಲಿ ಬೆಳೆ ನೋಡಿ ಅವರು ಮೊದಲು ಕೇಳಿದ್ದು ಈ ಗದ್ದೆಗೆ ನೀರು ಎಲ್ಲಿಂದ ಎಂದು. ಆಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆಮೇಲೆ ಒಬ್ಬ ಸಾಕ್ಷಿಯ ಮಾತನ್ನು ನಾನು ಕನ್ನಡ ಮಾಡಿ ಹೇಳಿದೆ. "ಅವ ಲೊಟ್ಟೆ ಹೇಳ್ತ" ಎಂದರು, ಸುಳ್ಳು ಹೇಳುತ್ತಾನೆ ಅಂತ. ಹೇಗೆ ಗೊತ್ತಾಯಿತು ಎಂದರೆ, ಕೇಳದ ಪ್ರಶ್ನೆಗೆ ಉತ್ತರ ಕೊಟ್ಟನಲ್ಲ ಎಂದರು. ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ನಲವತ್ತು ವರ್ಷ ಎದುರು ಅರ್ಥಧಾರಿಯ ಮಾತಿನಲ್ಲಿ ಬಿರುಕು ಹುಡುಕಿದ ಕಿವಿ ಅದು.

ತೀರ್ಮಾನದ ಪುಟ ಬಂತು. ಎರಡು ಉತ್ತರ ತೆರೆದಿದ್ದವು, ಒಂದು ಮುಚ್ಚಿತ್ತು. ಮಾವ ಒತ್ತಲು ಬಿಡಲಿಲ್ಲ. ಆ ಸಾಕ್ಷಿಯನ್ನು ಮತ್ತೊಮ್ಮೆ ಕರೆಸಬೇಕು, ಅವನ ಹತ್ತಿರ ಇನ್ನೂ ಎರಡು ಪ್ರಶ್ನೆ ಕೇಳುವುದಿದೆ ಎಂದರು. ಅವನು ಹೇಳಬೇಕಾದದ್ದು ಮುಗಿದಿದೆ, ಅವನಿಗೆ ಬರೆದುಕೊಟ್ಟದ್ದು ಅಷ್ಟೇ ಎಂದೆ. "ಭಾಗವತಂಗೆ ಹೇಳು" ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷದ ಚಾರ್ಜು ಉಳಿದಿತ್ತು. ಕತ್ತಲೆಯಲ್ಲಿ ಆ ಎರಡು ಉತ್ತರ ಮಾತ್ರ ಬೆಳಗುತ್ತಿತ್ತು. ಅತ್ತೆ ದೀಪ ತಂದಿಟ್ಟು, ಯಾರನ್ನು ಹಿಡಿದಿರಿ ಎಂದು ಕೇಳಿದರು. ಯಾರನ್ನೂ ಇಲ್ಲ ಎಂದೆ. ಮಾವ ಆ ಎರಡು ಪ್ರಶ್ನೆಗಳನ್ನು ಅತ್ತೆಗೆ ಹೇಳಲು ಶುರು ಮಾಡಿದರು.